ಕೈಗಡಿಯಾರ ಬಿಚ್ಚಿಡುವ ಡಾಕ್ಟರಮ್ಮ

ಮಗುವಿನ ಹೊಟ್ಟೆಯನ್ನು ಮುಟ್ಟುವ ಮೊದಲು ಆ ಮಕ್ಕಳ ಡಾಕ್ಟರಮ್ಮ ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟು, ಕುರ್ಚಿಯನ್ನು ಕರ್ರೆಂದು ಹಿಂದಕ್ಕೆಳೆದು, ಲೋಕದ ಅವಸರಕ್ಕೂ ತಮಗೂ ಸಂಬಂಧವೇ ಇಲ್ಲವೆಂಬಂತೆ ಸುಮ್ಮನೆ ಕೂತುಬಿಡುತ್ತಿದ್ದರು. ಹೊರಗಿನ ಬೆಂಚಿನಲ್ಲಿ ಕಾದು ಸುಸ್ತಾದವರು ಅವರಿಗೆ 'ಆಮೆ ಡಾಕ್ಟ್ರು' ಎಂದು ಹೆಸರಿಟ್ಟಿದ್ದರು. ಅದು ಕಿವಿಗೆ ಬಿದ್ದರೂ ಅವರು ಕ್ಯಾರೇ ಅನ್ನುತ್ತಿರಲಿಲ್ಲ. ತೋಳು ಸವೆದ ಬಿಳಿ ಕೋಟು, ಎಡಗಾಲನ್ನು ತುಸು ಎಳೆದು ಹಾಕುವ ನಡಿಗೆ, ಮಾತಿಗೊಮ್ಮೆ "ನೋಡೋಣ". ಇಷ್ಟೇ ಅವರ ವೈಭವ.

ಒಂದು ಮಧ್ಯಾಹ್ನ ತಾಯಿಯೊಬ್ಬಳು ಒಂದೂವರೆ ವರ್ಷದ ಮಗಳನ್ನು ಎತ್ತಿಕೊಂಡು ಬಂದಳು. ಅವಳು ಹೇಳಿದ್ದನ್ನೇ ನರ್ಸು ಚೀಟಿಯಲ್ಲಿ ಬರೆದಿದ್ದಳು: ಹೊಟ್ಟೆನೋವು, ಹಠ. ಬೆಳಗಿನಿಂದ ಚೀರುವುದು, ಸುಮ್ಮನಾಗುವುದು, ಮತ್ತೆ ಚೀರುವುದು. ಈಗ ನೋಡಿದರೆ ಮಗು ತಾಯಿಯ ಮಡಿಲಲ್ಲಿ ಪೆನ್ನಿನ ಮುಚ್ಚಳ ಕಚ್ಚುತ್ತಿತ್ತು. ತಾಯಿಗೆ ನಾಚಿಕೆಯಾಯಿತು.

"ಈಗ ಚೆನ್ನಾಗೇ ಇದಾಳೆ ಡಾಕ್ಟ್ರೇ. ಒಂದು ಸಿರಪ್ ಬರ್ಕೊಡಿ, ಹೊರಡ್ತೀವಿ."

"ನೋಡೋಣ. ಕೂತ್ಕೊಳಮ್ಮ."

ಐದು ನಿಮಿಷ. ಹತ್ತು. ಹೊರಗೆ ಗೊಣಗಾಟ ಏರಿತು. ಯಾರೋ ಬಾಗಿಲು ತಟ್ಟಿದರು. ಮುಳ್ಳಿನ ಮೇಲೆ ಕೂತಂತಾಗಿದ್ದ ತಾಯಿ ಎದ್ದೇಬಿಟ್ಟಳು. ಡಾಕ್ಟರಮ್ಮ ಮಗುವಿನಿಂದ ಕಣ್ಣು ಕೀಳದೆ ಕೈಸನ್ನೆಯಿಂದಲೇ ಕೂರಿಸಿದರು. ಹದಿನಾಲ್ಕನೆಯ ನಿಮಿಷಕ್ಕೆ ಮಗುವಿನ ಮುಖ ಬಿಳುಚಿತು, ಮಂಡಿಗಳು ಹೊಟ್ಟೆಗೆ ಸೆಳೆದುಕೊಂಡವು, ಕೋಣೆ ಬಿರಿಯುವಂತೆ ಚೀರಿತು. ಎರಡೇ ನಿಮಿಷ; ಆಮೇಲೆ ತಾಯಿಯ ತೋಳಿನಲ್ಲಿ ಒದ್ದೆ ಬಟ್ಟೆಯ ಹಾಗೆ ಜೋತುಬಿತ್ತು.

ಆಮೆ ಈಗ ಮಿಂಚಾಯಿತು. ಸಡಿಲಗೊಂಡ ಆ ಹೊಟ್ಟೆಯ ಮೇಲೆ ಬೆರಳಾಡಿಸಿದರೆ ಬಲಗಡೆ, ಪಕ್ಕೆಲುಬಿನ ಕೆಳಗೆ, ಉದ್ದನೆಯ ಗಂಟೊಂದು ಸಿಕ್ಕಿತು. ಸ್ಕ್ಯಾನ್ ಕೋಣೆಗೂ ಸರ್ಜನ್ನರಿಗೂ ಫೋನ್ ಮಾಡಿ, ತಮ್ಮ ಕೋಟಿನ ತೋಳನ್ನು ಒಳಕ್ಕೆ ತುರುಕಿ ತೋರಿಸಿದರು: "ಕರುಳು ಹೀಗೆ ಕರುಳೊಳಕ್ಕೇ ನುಗ್ಗಿರೋ ಹಾಗಿದೆ. ಬಿಟ್ರೆ ಕೊಳೆಯುತ್ತೆ. ಕೆಳಗಿಂದ ಗಾಳಿ ಕೊಟ್ಟು ಬಿಡಿಸ್ತಾರೆ, ಆಗ್ಲಿಲ್ಲ ಅಂದ್ರೆ ಆಪರೇಷನ್."

"ಬೆಳಿಗ್ಗೆ ಹಠ ಅಂದ್ಕೊಂಡು ನಾನು ಇವಳಿಗೆ ಹೊಡ್ದೆ ಡಾಕ್ಟ್ರೇ," ಎಂದಳು ತಾಯಿ.

ಡಾಕ್ಟರಮ್ಮ ಚೀಟಿಯಲ್ಲಿದ್ದ 'ಹಠ'ವನ್ನು ಹೊಡೆದುಹಾಕಿ, "ನಡಿ, ನಾನೂ ಬರ್ತೀನಿ" ಎಂದು ಕಾಲೆಳೆಯುತ್ತ ಮುಂದೆ ನಡೆದರು. ಸಂಜೆಯೊಳಗೆ ಕರುಳು ಬಿಡಿಸಿಕೊಂಡಿತು, ಕತ್ತರಿ ತಾಗಲಿಲ್ಲ.

ಬುದ್ಧಿವಂತ ವೈದ್ಯರು ಬೇಕಾದಷ್ಟಿದ್ದಾರೆ. ಆದರೆ ಮಗುವೊಂದು ಮತ್ತೆ ಅಳಲೆಂದು ಕಾದು ಕೂರುವುದು ನೋಡುವವರಿಗೆ ನಿರ್ದಯೆಯಾಗಿಯೇ ಕಾಣುತ್ತದೆ, ಆ ಅಪವಾದವನ್ನು ಹೊತ್ತುಕೊಳ್ಳುವ ಎದೆ ಎಲ್ಲರಿಗಿರುವುದಿಲ್ಲ. ಇಂಥವರು ಮಾತು ಬಲ್ಲವರ ವಿವರಣೆಯನ್ನು ಪಕ್ಕಕ್ಕಿಟ್ಟು, ಮಾತು ಬಾರದ ಜೀವ ತನ್ನದನ್ನು ಹೇಳಿ ಮುಗಿಸುವವರೆಗೂ ಏಳುವುದಿಲ್ಲ.