ಪೆಟ್ಟಿಗೆಗೆ ಕಲಿಸಿದ ಮುಷ್ಟಿ

ಕೊಳ್ಳೇಗಾಲದ ಅಂಚಿನಲ್ಲಿರುವ ಪ್ರಭುಸ್ವಾಮಿಯ ರೇಷ್ಮೆ ಬಿಚ್ಚಣಿಕೆ ಶೆಡ್ಡಿಗೆ ಆ ಕಪ್ಪು ಪೆಟ್ಟಿಗೆ ಬಂದ ದಿನವೇ ಚೆಲುವಮ್ಮನಿಗೆ ಅನುಮಾನ ಹತ್ತಿತು. ಹೊನ್ನೂರಿನಿಂದ ಬಸ್ಸಿನಲ್ಲಿ ಬಂದು, ಇಪ್ಪತ್ತೆರಡು ವರ್ಷ ಬಿಸಿನೀರಿನ ತೊಟ್ಟಿಯಲ್ಲಿ ಕೈ ಅದ್ದಿ ಗೂಡಿನ ಎಳೆ ಬಿಡಿಸಿದವಳು ಅವಳು. ಬೆರಳಿನ ಗೆರೆಗಳೆಲ್ಲ ಬೆಂದು ಸವೆದು, ರೇಷನ್ ಅಂಗಡಿಯ ಹೆಬ್ಬೆಟ್ಟಿನ ಮೆಷಿನ್ನು ಅವಳನ್ನು ಗುರುತಿಸುವುದನ್ನೇ ಬಿಟ್ಟಿತ್ತು. ಮೆಷಿನ್ನುಗಳಿಂದ ಅವಳಿಗೆ ಆಗಬೇಕಾದ ಉಪಕಾರವೇನೂ ಇರಲಿಲ್ಲ.

ಕ್ಯಾಮೆರಾ ಇದ್ದ ಆ ಪೆಟ್ಟಿಗೆ ತಂದವಳು ಸಿಂಧು, ಮೈಸೂರಿನ ಇಂಜಿನಿಯರ್ ಹುಡುಗಿ. ಒದ್ದೆ ಕೈಗೆ ಟಚ್ ಸ್ಕ್ರೀನ್ ಸ್ಪಂದಿಸುವುದಿಲ್ಲ, ಮೋಟಾರಿನ ಸದ್ದಿನಲ್ಲಿ ಕೂಗಿದರೆ ಯಾರಿಗೂ ಕೇಳುವುದಿಲ್ಲ, ಅದಕ್ಕೇ ಕೈಸನ್ನೆಯಿಂದ ರಾಟೆ ನಡೆಸುವ ಉಪಾಯ ಮಾಡಿದ್ದೇನೆ ಎಂದಳು. ಅಂಗೈ ತೋರಿಸಿದರೆ ರಾಟೆ ನಿಧಾನವಾಗಬೇಕು, ಮುಷ್ಟಿ ಎತ್ತಿದರೆ ನಿಲ್ಲಬೇಕು.

“ಹದಿನೈದು ದಿನ ಇದು ನಿಮ್ಮ ಕೈ ನೋಡಿ ಕಲಿಯುತ್ತೆ ಅಮ್ಮ. ನಾನು ಗಂಟೆ ಹೊಡೆದಾಗ ಮುಷ್ಟಿ ಎತ್ತಿ. ಉಳಿದ ಹೊತ್ತು ಎಂದಿನ ಹಾಗೇ ಕೆಲಸ ಮಾಡಿ. ಮುಖ ಇದಕ್ಕೆ ಬೇಡ, ಬರೀ ಕೈ ಸಾಕು.”

ಎಂದಿನ ಹಾಗೆ! ಆ ಮಾತೇ ಚೆಲುವಮ್ಮನ ಎದೆಗೆ ಚುಚ್ಚಿತು. ಆ ಸದ್ದಿನಲ್ಲಿ ಹನ್ನೆರಡು ಹೆಂಗಸರೂ ಎಂದಿನಿಂದಲೂ ಕೈಯಲ್ಲೇ ಮಾತಾಡುತ್ತಿದ್ದರು. ಕೆನ್ನೆಗೆ ಎರಡು ಬೆರಳು ತಾಗಿಸಿದರೆ ಸಾಹುಕಾರ ಬಂದ ಎಂದು. ಮೊಣಕೈ ಸವರಿದರೆ ಹೋಗಿ ಬರುತ್ತೇನೆ, ನನ್ನ ತೊಟ್ಟಿ ನೋಡಿಕೋ ಎಂದು. ಮೊಣಕೈ ಹೆಚ್ಚು ಸವರುತ್ತಿದ್ದವಳು ಚೆಲುವಮ್ಮನ ತಂಗಿ ಮಗಳು ರೂಪ. ಅವಳ ನಾಲ್ಕು ತಿಂಗಳ ಕೂಸನ್ನು ಅವಳ ಅತ್ತೆ ದಿನಾ ಹನ್ನೊಂದಕ್ಕೆ ಗೇಟಿನ ಹತ್ತಿರ ತರುತ್ತಿದ್ದಳು. ರೂಪ ಹಾಲು ಕುಡಿಸಿ ಬರುವ ಹತ್ತು ನಿಮಿಷ ಎರಡು ತೊಟ್ಟಿಯನ್ನೂ ಚೆಲುವಮ್ಮನೇ ಸಂಭಾಳಿಸುತ್ತಿದ್ದಳು. ಇದು ಪ್ರಭುಸ್ವಾಮಿಗೆ ತಿಳಿದರೆ ರೂಪಳ ಕೆಲಸ ಹೋದಂತೆಯೇ. ಹೀಗೆ ನಡುವೆ ಎದ್ದವಳೊಬ್ಬಳನ್ನು ಅವನು ಹೋದ ವರ್ಷ ನಿಂತ ಕಾಲಲ್ಲೇ ಮನೆಗೆ ಕಳಿಸಿದ್ದ.

ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಚೆಲುವಮ್ಮ ಎಲ್ಲರನ್ನೂ ಹತ್ತಿರ ಕರೆದಳು.

“ಅದು ರಾಟೆ ನಿಲ್ಸಕ್ಕೆ ಬಂದಿರದಲ್ಲ ಕಣ್ರಮ್ಮಿ, ನಮ್ಮನ್ನ ಕಾಯಕ್ಕೆ ಬಂದಿರದು. ಯಾರು ಎದ್ರು, ಯಾರು ಓದ್ರು ಅಂತ ಸಾವ್ಕಾರಂಗೆ ಚಾಡಿ ಏಳ್ತದೆ.”

“ಆ ಮೇಡಂ ಒಳ್ಳೇವ್ರಂಗೆ ಕಾಣ್ತರೆ ದೊಡ್ಡವ್ವ,” ಎಂದಳು ರೂಪ.

“ಸುಮ್ಕಿರು, ನಿಂಗೇನ್ ಗೊತ್ತು. ಅದುಕ್ಕೆ ಮಂಕುಬೂದಿ ಎರಚ್‌ಬುಡದೆಯ. ಇನ್ಮೇಲೆ ಟೀ ಬಂತು ಅನ್ನಕ್ಕೂ ಮುಷ್ಟಿ, ನಗಕ್ಕೂ ಮುಷ್ಟಿ, ನೀನು ಎದ್ದೋಗಕ್ಕೂ ಮುಷ್ಟಿ. ನಮಗೆ ಉಬ್ಬು ಆಡ್ಸುದ್ರೆ ತಿಳೀತದೆ. ಅದುಕ್ಕೆ ತಲೆ ಕೆಡ್ಲಿ.”

ಹೆಂಗಸರಿಗೆ ಆಟ ಸಿಕ್ಕಂತಾಯಿತು. ಹದಿನೈದು ದಿನ ಆ ಶೆಡ್ಡಿನಲ್ಲಿ ಎದ್ದ ಮುಷ್ಟಿಗಳಿಗೆ ಲೆಕ್ಕವಿಲ್ಲ. ಸಿಂಧು ಲ್ಯಾಪ್‌ಟಾಪ್ ಮುಂದೆ ಕೂತು ತಲೆ ಕೆರೆದುಕೊಂಡಳು.

“ಇಲ್ಲಿ ಯಾಕೋ ಸರಿಯಾಗಿ ಕಲೀತಿಲ್ಲ ಸರ್. ಇನ್ನೂ ಹತ್ತು ದಿನ ಬೇಕು. ಅಲ್ಲಿವರೆಗೆ ಹಳೇ ಹಗ್ಗ ಬಿಚ್ಚಬೇಡಿ,” ಎಂದು ಪ್ರಭುಸ್ವಾಮಿಗೆ ಹೇಳಿ ಮೈಸೂರಿಗೆ ಹೋದಳು.

ಹಗ್ಗವೆಂದರೆ ತಲೆಯ ಮೇಲೆ ಉದ್ದಕ್ಕೂ ಕಟ್ಟಿದ್ದ ಹಗ್ಗ. ಜಗ್ಗಿದರೆ ಮೋಟಾರು ನಿಲ್ಲುತ್ತಿತ್ತು. ಪ್ರಭುಸ್ವಾಮಿ ಹುಮ್ಮಸ್ಸಿನ ಮನುಷ್ಯ, ಹೊಸದು ಬಂದ ಮೇಲೆ ಹಳೆಯದ್ಯಾಕೆ ಎಂದು ಮರುದಿನವೇ ಹಗ್ಗ ಬಿಚ್ಚಿಸಿದ. ಖಾಲಿ ಕೊಕ್ಕೆಗಳನ್ನು ಚೆಲುವಮ್ಮ ಮತ್ತೆ ಮತ್ತೆ ನೋಡಿದಳು. ಬಾಯಿ ಬಿಟ್ಟರೆ ಮುಷ್ಟಿಯ ಆಟ ಹೊರಬೀಳುತ್ತದೆ, ಅದರ ಹಿಂದೆಯೇ ರೂಪಳ ಹತ್ತು ನಿಮಿಷವೂ ಹೊರಬೀಳುತ್ತದೆ. ಅವಳು ತೊಟ್ಟಿಗೆ ಕೈ ಅದ್ದಿದಳು.

ಗುರುವಾರ ಬೆಳಿಗ್ಗೆ ರೂಪಳ ಸೆರಗು ರಾಟೆಗೆ ಸಿಕ್ಕಿತು. ಬಿಡಿಸಲು ಹೋದ ಬಲಗೈಯೂ ಒಳಗೆ ಹೋಯಿತು. ಅವಳು ಎಡಗೈ ಮುಷ್ಟಿ ಎತ್ತಿದಳು. ಉಳಿದ ಹನ್ನೊಂದು ಜನವೂ ಎತ್ತಿದರು. ಕಪ್ಪು ಪೆಟ್ಟಿಗೆ ಎಲ್ಲವನ್ನೂ ನೋಡಿತು, ರಾಟೆ ಮಾತ್ರ ತಿರುಗುತ್ತಲೇ ಇತ್ತು. ಚೆಲುವಮ್ಮನ ಕೈ ಅಭ್ಯಾಸಬಲದಿಂದ ಹಗ್ಗಕ್ಕೆ ಹೋಗಿ ಗಾಳಿ ಹಿಡಿಯಿತು. ಅವಳು ಸಾಹುಕಾರನ ಕೋಣೆಯ ಪಕ್ಕದ ಮೇನ್ ಸ್ವಿಚ್ಚಿಗೆ ಓಡಿ ಆರಿಸುವಷ್ಟರಲ್ಲಿ ರೂಪಳ ಮೂರು ಬೆರಳು ಜಜ್ಜಿಹೋಗಿದ್ದವು.

ಸಂಜೆ ಹೊತ್ತಿಗೆ ಸಿಂಧು ಆಸ್ಪತ್ರೆಗೆ ಬಂದಳು. ವರಾಂಡದಲ್ಲಿ ಚೆಲುವಮ್ಮನ ಪಕ್ಕ ಕೂತು ಲ್ಯಾಪ್‌ಟಾಪ್ ತೆರೆದಳು. ಅದರಲ್ಲಿ ಮುಖವಿಲ್ಲ, ಸೀರೆಯಿಲ್ಲ. ಬರೀ ಚುಕ್ಕಿ ಗೆರೆಗಳ ಕೈಗಳು.

“ಇದು ರೂಪ ಅವರ ಕೈ. ಮುಷ್ಟಿ ಎತ್ತಿದ್ದಾರೆ ನೋಡಿ. ಪೆಟ್ಟಿಗೆ ಇದನ್ನ ಸುಮ್ಮನೆ ಮಾತು ಅಂತ ತಿಳ್ಕೊಂಡಿದೆ. ಗಂಟೆ ಇಲ್ಲದಾಗಲೂ ದಿನಾ ಮುಷ್ಟಿ ಕಂಡು ಹಾಗೇ ಕಲಿತಿದೆ.”

ಚೆಲುವಮ್ಮ ಆ ಚುಕ್ಕಿ ಗೆರೆಗಳತ್ತ ಬಾಗಿದಳು. “ಅವಳು ಕೂಸಿಗೆ ಆಲು ಕುಡ್ಸಕ್ಕೆ ಎದ್ದೋಯ್ತಿದ್ದದ್ದು ಇದುಕ್ಕೆ ಗೊತ್ತಾ?”

“ನನಗೆ ಗೊತ್ತು. ಮೊದಲನೇ ದಿನ ಅವರು ಮೊಣಕೈ ಸವರಿ ಎದ್ದದ್ದು ನೋಡಿದ್ದೆ. ಆ ಸನ್ನೆ ಮಾಡಿದಾಗ ಅವರ ರಾಟೆ ತಾನೇ ನಿಧಾನ ಆಗೋ ಹಾಗೆ ಕಲಿಸೋಣ ಅಂದ್ಕೊಂಡಿದ್ದೆ, ನಿಮಗೂ ಭಾರ ಕಮ್ಮಿ ಆಗ್ಲಿ ಅಂತ. ಆಮೇಲೆ ಅವರು ಆ ಸನ್ನೆ ಮಾಡಲೇ ಇಲ್ಲ. ನಾನು ಯಾರಿಗೂ ಹೇಳಿಲ್ಲ.”

ಆ ಸನ್ನೆ ಬಿಡಿಸಿದವಳು ಚೆಲುವಮ್ಮನೇ. ಅಷ್ಟರಲ್ಲಿ ಪ್ರಭುಸ್ವಾಮಿ ಬಂದವನು ನೇರ ರೂಪಳ ಮಂಚದ ಬಳಿಗೆ ಹೋದ. ಇವರಿಬ್ಬರೂ ಹಿಂದೆಯೇ ಹೋದರು.

“ಮುಷ್ಟಿ ಎತ್ತು ಅಂತ ಬಡ್ಕೊಂಡಿರ್ಲಿಲ್ವಾ? ಎತ್ತಿದ್ರೆ ನಿಲ್ತಿತ್ತು. ನಿನ್ನ ತಪ್ಪಿಗೆ ನಾನೇನ್ ಮಾಡ್ಲಿ? ಇನ್ಮೇಲೆ ಕೆಲಸಕ್ಕೆ ಬರಬ್ಯಾಡ.”

“ಎತ್ತಿದ್ದೆ ಸಾ.” ರೂಪಳ ಕಣ್ಣು ಚೆಲುವಮ್ಮನನ್ನು ಹುಡುಕಿತು. “ಎತ್ತಿದ್ದೆ ಅಲ್ವಾ ದೊಡ್ಡವ್ವ?”

ಸಿಂಧು ಲ್ಯಾಪ್‌ಟಾಪ್ ಎದೆಗೊತ್ತಿಕೊಂಡು ಚೆಲುವಮ್ಮನತ್ತ ನೋಡಿದಳು. ಹೇಳಬೇಕಾದವಳು ತಾನೇ ಎಂದು ಚೆಲುವಮ್ಮನಿಗೆ ತಿಳಿಯಿತು.

“ಎತ್ತಿದ್ಲು ಸಾ. ಎತ್ತುದ್ರೂ ನಿಲ್ದಂಗೆ ಅದುಕ್ಕೆ ಕಲ್ಸಿದ್ದು ನಾನು. ಅಗ್ಗ ಬಿಚ್ಚಿದ್ದು ನೀವು. ನಾವಿಬ್ರು ಮಾಡಿದ್ದುನ್ನ ಬೆರಳು ಕೊಟ್ಟು ತೀರ್ಸಿದ್ದು ಇವಳು. ಕೆಲಸದಿಂದ ತೆಗೆಯಂಗಿದ್ರೆ ನನ್ನ ತೆಗೀರಿ.”

ಪ್ರಭುಸ್ವಾಮಿ ಹಗ್ಗದ ಮಾತು ಕೇಳಿ ಮಂಚದಿಂದ ಎರಡು ಹೆಜ್ಜೆ ಹಿಂದೆ ಸರಿದ. ರೂಪ ಮಾತ್ರ ದೊಡ್ಡವ್ವನನ್ನೇ ನೋಡುತ್ತಿದ್ದಳು. ಬೈದಿದ್ದರೆ, ಅತ್ತಿದ್ದರೆ ಚೆಲುವಮ್ಮ ತಡೆದುಕೊಳ್ಳುತ್ತಿದ್ದಳು.

ಬಾಗಿಲ ಹೊರಗೆ ಅತ್ತೆಯ ಕೈಯಲ್ಲಿದ್ದ ಕೂಸು ಅಳತೊಡಗಿತು. ತಂದುಕೊಡಲು ಚೆಲುವಮ್ಮ ತಿರುಗಿದಳು.

“ನೀನು ಬ್ಯಾಡ ದೊಡ್ಡವ್ವ,” ಎಂದಳು ರೂಪ. “ಆ ಮೇಡಂ ಎತ್ಕಂಡು ಬರ್ಲಿ.”