ಗಡಿಯಾರದ ವ್ಯತ್ಯಾಸ: ಇಲ್ಲ

ಠಾಣೆಯಲ್ಲಿ ನನ್ನನ್ನು ಡಬ್ಬಿ ಮೇಡಂ ಅನ್ನುತ್ತಾರೆ. ಅಂಗಡಿಗಳ ಕ್ಯಾಮೆರಾದ ರೆಕಾರ್ಡಿಂಗ್ ಡಬ್ಬಿಯಿಂದ ಪೇದೆಗಳು ಇಳಿಸಿಕೊಂಡು ತಂದ ವಿಡಿಯೊ ನೋಡಿ, ಕೋರ್ಟಿಗೆ ಪ್ರಮಾಣಪತ್ರ ಬರೆದುಕೊಡುವುದು ನನ್ನ ಕೆಲಸ. ಆದೇಶದಲ್ಲಿ ಅದಕ್ಕೆ ತಾಂತ್ರಿಕ ನೆರವು ಎಂಬ ದೊಡ್ಡ ಹೆಸರಿದೆ. ಕೊಟ್ಟಿರುವ ಕೋಣೆ ಮಾತ್ರ ಹಳೇ ಸೈಕಲ್ ಇಡುತ್ತಿದ್ದ ಜಾಗ. ಫ್ಯಾನ್ ಹಾಕಿದರೆ ಕಾಗದಗಳು ಹಾರುತ್ತವೆ, ಆರಿಸಿದರೆ ನಾನು ಬೇಯುತ್ತೇನೆ.

ದರ್ಜಿಯ ಹೆಂಡತಿ ಆ ಕೋಣೆಗೆ ಮೂರನೇ ಸಲ ಬಂದಾಗ ನನಗೆ ರೇಗಿತು. ಬಸ್ಸಿಗೆ ಕಲ್ಲು ಬಿದ್ದು ಚಾಲಕನ ಕಣ್ಣು ಹೋದ ಪ್ರಕರಣದಲ್ಲಿ ಅವಳ ಗಂಡ ಐದು ತಿಂಗಳಿಂದ ಜೈಲಿನಲ್ಲಿದ್ದ. ಕಲ್ಲು ಬಿದ್ದದ್ದು ನಾಲ್ಕೂವರೆಗೆ. ಬೇಕರಿಯ ಕ್ಯಾಮೆರಾದಲ್ಲಿ ಅವನು ಅದೇ ರಸ್ತೆಯಲ್ಲಿ ಓಡಿದ್ದು ನಾಲ್ಕು ಮೂವತ್ತೊಂದಕ್ಕೆ. ಇನ್ನೇನು ಬೇಕು?

"ನಾಲ್ಕೂವರೆಗೆ ಅವರು ಮನೇಲಿದ್ರು ಮೇಡಂ. ಗಲಾಟೆಗೆ ಗುಂಡಿ ಅಂಗಡಿ ಮುಚ್ಚಿಬಿಡ್ತಾರೆ ಅಂತ ಓಡಿದ್ದು ಅದಕ್ಕೂ ಮುಂಚೆ."

"ಕ್ಯಾಮೆರಾ ಸುಳ್ಳು ಹೇಳಲ್ಲಮ್ಮ."

"ನೀವು ಹೋಗಿ ನೋಡಿದ್ರಾ?"

ನೋಡಿರಲಿಲ್ಲ. ಕೂತಲ್ಲೇ ಸಹಿ ಹಾಕಿದ್ದೆ. ಅವಳ ಬಾಯಿ ಮುಚ್ಚಿಸಲೆಂದೇ ಆ ಸಂಜೆ ಬೇಕರಿಗೆ ಹೋದೆ. ನನ್ನ ಫೋನಿನಲ್ಲಿ ಐದು ಹನ್ನೆರಡು. ಡಬ್ಬಿಯಲ್ಲಿ ಐದು ಐವತ್ತೆರಡು.

"ಅದು ಮೊದಲಿಂದ್ಲೂ ನಲವತ್ತು ನಿಮಿಷ ಮುಂದೆ," ಎಂದ ಬೇಕರಿಯವನು. "ನಿಮ್ಮೋರು ಕೇಳಲೇ ಇಲ್ಲ."

ಹಾಗಾದರೆ ದರ್ಜಿ ಓಡಿದ್ದು ನಾಲ್ಕು ಗಂಟೆಗೂ ಮೊದಲು. ಕಲ್ಲು ಬಿದ್ದ ಹೊತ್ತಿನ ದೃಶ್ಯವನ್ನು ನಾವು ಇಳಿಸಿಕೊಂಡೇ ಇರಲಿಲ್ಲ.

ಮರುದಿನ ಹಳೇ ಕಡತಗಳನ್ನೆಲ್ಲ ಕೆಳಗಿಳಿಸಿದೆ, ದರ್ಜಿಯದೂ ಸೇರಿ ಅರವತ್ತೆರಡು. ಡಬ್ಬಿಯ ಗಡಿಯಾರಕ್ಕೂ ನಿಜವಾದ ಸಮಯಕ್ಕೂ ಎಷ್ಟು ವ್ಯತ್ಯಾಸ ಎಂದು ಬರೆಯಲು ಪ್ರಮಾಣಪತ್ರದ ಫಾರಂನಲ್ಲಿ ಒಂದು ಕಲಂ ಇದೆ. ಪ್ರತಿ ಫಾರಂನಲ್ಲೂ ಅಲ್ಲಿ 'ಇಲ್ಲ' ಎಂದಿತ್ತು. ಪ್ರತಿಯೊಂದೂ ನನ್ನ ಕೈಬರಹ. ಎರಡು ವರ್ಷದ ಹಿಂದೆ ಪೇದೆಗಳಿಗೆ ಕಲಿಸುವಾಗ ಮಾದರಿಗೆಂದು ಒಂದು ಫಾರಂ ತುಂಬಿಸಿ ತೋರಿಸಿದ್ದೆ. ಠಾಣೆಯ ರೈಟರ್ ಅದರ ಹೆಸರು, ತಾರೀಕಿಗೆ ಬಿಳಿ ಬಳಿದು, 'ಇಲ್ಲ' ಉಳಿಸಿ, ಕಟ್ಟುಗಟ್ಟಲೆ ಜೆರಾಕ್ಸ್ ಮಾಡಿಸಿಟ್ಟಿದ್ದ. ಅವೆಲ್ಲಕ್ಕೂ ನಾನು ಕಣ್ಣುಮುಚ್ಚಿ ಸಹಿ ಹಾಕಿದ್ದೆ. ರೈಟರನ್ನು ಬೈಯೋಣವೆಂದರೆ ಸಹಿ ನನ್ನದೇ.

ವಿಷಯ ಹೇಳಿದಾಗ ಇನ್‌ಸ್ಪೆಕ್ಟರ್ ಬಾಗಿಲು ಹಾಕಿಕೊಂಡು ಮಾತಾಡಿದರು.

"ಒಬ್ಬ ದರ್ಜಿಗೋಸ್ಕರ ಅರವತ್ತೆರಡು ಕೇಸಿಗೆ ಎಳ್ಳುನೀರು ಬಿಡ್ತೀರಾ? ನಾಳೆ ಕೋರ್ಟಲ್ಲಿ ಕೇಳಿದ್ದಕ್ಕೆ ಹೌದು ಅಂದು ಬನ್ನಿ, ಸಾಕು. ನಿಮ್ದು ಗುತ್ತಿಗೆ ಕೆಲಸ, ಮರೀಬೇಡಿ."

"ಮರೆತಿಲ್ಲ ಸರ್. ಅವನು ಒಳಗಿರೋದನ್ನೂ ಮರೆತಿಲ್ಲ."

ಮನೆಯಲ್ಲಿ ಹೇಳಿದಾಗ ಅತ್ತೆ ಬಟ್ಟೆ ಮಡಿಸುವುದನ್ನೇ ನಿಲ್ಲಿಸಿದರು. "ಮದುವೆಯಾಗಿ ಹದಿನಾಲ್ಕು ವರ್ಷ ಆಯ್ತು, ಈ ಮನೇಲಿ ಒಂದು ದಿನ ತಪ್ಪು ಒಪ್ಕೊಂಡಿಲ್ಲ ನೀನು. ಹೋಗಿ ಹೋಗಿ ಕೋರ್ಟಲ್ಲಿ ಒಪ್ಕೋತೀಯಾ?"

"ಇಲ್ಲಿ ಯಾರೂ ಜೈಲಿಗೆ ಹೋಗಲ್ವಲ್ಲ ಅತ್ತೆ."

ಅವರು ನಕ್ಕರು. ನನಗೆ ನಗು ಬರಲಿಲ್ಲ. ಹೆದರಿಕೆಯಾಗಿತ್ತು, ಹೆದರಿಸಿದವರ ಮೇಲೆ ಅದಕ್ಕಿಂತ ಹೆಚ್ಚು ಸಿಟ್ಟು ಬಂದಿತ್ತು.

ಮರುದಿನ ಸಾಕ್ಷಿಕಟ್ಟೆಯಲ್ಲಿ ನಿಂತ ನನಗೆ ಸರ್ಕಾರಿ ವಕೀಲರು ಕಾಗದ ತೋರಿಸಿದರು. "ಈ ಪ್ರಮಾಣಪತ್ರ ನಿಮ್ಮದೇನಾ?"

"ನನ್ನದೇ. ಇದರಲ್ಲಿರೋ ತಪ್ಪೂ ನನ್ನದೇ."

ಹಿಂದಿನ ಬೆಂಚಿನಲ್ಲಿ ಇನ್‌ಸ್ಪೆಕ್ಟರ್ ಕೆಮ್ಮಿದರು. ನಾನು ಆ ಕಡೆ ತಿರುಗದೆ ಬೇಕರಿಯ ಗಡಿಯಾರ, ಜೆರಾಕ್ಸ್ ಕಟ್ಟು, ನನ್ನ ಸಹಿ, ಎಲ್ಲ ಹೇಳಿದೆ. ನ್ಯಾಯಾಧೀಶರು ಡಬ್ಬಿಯನ್ನು ಅಂದೇ ತರಿಸಲು ಆದೇಶಿಸಿ ದರ್ಜಿಗೆ ಜಾಮೀನು ಕೊಟ್ಟರು. ಅವನ ಹೆಂಡತಿ ಬಾಗಿಲ ಬಳಿಯಿಂದ ಒಳಕ್ಕೆ ಓಡಿಬಂದಳು.

"ಇನ್ನು ಇಳೀಬಹುದು," ಎಂದರು ನ್ಯಾಯಾಧೀಶರು.

ನಾನು ಇಳಿಯಲಿಲ್ಲ. "ಇಂಥವು ಇನ್ನೂ ಅರವತ್ತೊಂದಿವೆ ಸ್ವಾಮಿ," ಎಂದು ಚೀಲದಿಂದ ಪಟ್ಟಿ ತೆಗೆದುಕೊಟ್ಟೆ.

ಅವರು ಕನ್ನಡಕ ಹಾಕಿಕೊಂಡು ಮೊದಲಿನಿಂದ ಕೊನೆಯವರೆಗೂ ಓದಿದರು.

"ಇದರಲ್ಲಿ ಏಳಕ್ಕೆ ಶಿಕ್ಷೆ ಕೊಟ್ಟಿದ್ದು ನಾನೇ."

"ಗೊತ್ತು ಸ್ವಾಮಿ. ಅದಕ್ಕೇ ನಿಮ್ಮ ಕೈಗೇ ಕೊಟ್ಟೆ."