ಅಡ್ಡ ಬೀಳುವ ಕೋಚ್

ನಮ್ಮೆಜಮಾನ್ರು ಓರೆಸ್ಟ್ ಹದಿನಾರು ವರ್ಷ ಪೈಕ್ ಹಾಲೋ ಊರಿನ ಐಸ್ ಹಾಕಿ ತಂಡದಲ್ಲಿ ಡಿಫೆಂಡರ್ ಆಗಿದ್ದರು. ಹೊಡೆದ ಗೋಲು ಎರಡು, ಉದುರಿದ ಹಲ್ಲು ಏಳು. ಇವರ ವಿದ್ಯೆ ಒಂದೇ. ಎದುರಿನವರು ಪಕ್ ಹೊಡೆದರೋ, ದೊಪ್ಪನೆ ಅದಕ್ಕೆ ಅಡ್ಡ ಬೀಳೋದು. ಆ ರಬ್ಬರ್ ಬಿಲ್ಲೆಯೋ ಕಲ್ಲಿನ ಹಾಗಿರುತ್ತೆ. ಹೊಟ್ಟೆ, ದವಡೆ, ಮಂಡಿ, ಯಾವುದಾದರೂ ಸರಿ, ಇವರು ಮುಂದೊಡ್ಡುತ್ತಿದ್ದರು.

ಮಂಡಿ ಪೂರ್ತಿ ಕೈಕೊಟ್ಟ ಮೇಲೆ ಕಮಿಟಿಯವರು ಇವರನ್ನೇ ಕೋಚ್ ಮಾಡಿದರು. ಟೈ ಕಟ್ಟಿಕೊಂಡು ಬೆಂಚಿನ ಹಿಂದೆ ನಿಂತು ನಾಲ್ಕು ಚಳಿಗಾಲ ಒಂದೇ ಪಾಠ ಹೇಳಿದರು.

"ಬೀಳ್ರೋ! ಅಡ್ಡ ಬೀಳ್ರೋ!"

"ನೋವಾಗತ್ತೆ ಕೋಚ್," ಅಂತಿದ್ದರು ಆ ಬೆಣ್ಣೆಮುದ್ದೆ ಹುಡುಗರು.

ಈ ಸಲ ಸಾಲಾಗಿ ಎಂಟು ಮ್ಯಾಚ್ ಸೋತರು. ಕಮಿಟಿ ಅಧ್ಯಕ್ಷ ಲಾರ್ನ್ ಐಸ್ ಆಟದ ರಿಂಕ್‌ನಲ್ಲಿರೋ ನನ್ನ ಕ್ಯಾಂಟೀನಿಗೆ ಬಂದು, ನಾನೇ ಮಾಡಿದ ಆಲೂಗಡ್ಡೆ ಕಡುಬು, ಅದೇ ಪೆರೋಗಿ, ಬಾಯಿಗೆ ತುರುಕಿಕೊಂಡು, "ಶನಿವಾರ ಕ್ರೇನ್ ಲೇಕ್‌ನವರನ್ನ ಸೋಲಿಸ್ಲಿಲ್ಲ ಅಂದ್ರೆ ಕೋಚ್ ಬದಲಾಯಿಸ್ತೀವಮ್ಮ. ನೀವೇ ಒಂದು ಮಾತು ಹೇಳಿ," ಅಂದ.

"ಯಾಕೆ, ನಿಮ್ಮ ಬಾಯಲ್ಲೇನು ಆಲೂಗಡ್ಡೆ ಇದೆಯಾ?" ಅಂದೆ. ಇತ್ತು.

ಹೇಳಿದೆ. ಇವರು ಊಟ ಬಿಟ್ಟು ಕೂತರು. ರಿಂಕ್ ಬಿಟ್ಟರೆ ಈ ಮನುಷ್ಯನಿಗೆ ಬೇರೆ ಪ್ರಪಂಚವೇ ಇಲ್ಲ.

ಶನಿವಾರ ಕೊನೆಯ ನಿಮಿಷ ಬಂತು. ನಾವು ಎರಡು, ಅವರು ಮೂರು. ಇಂಥ ಹೊತ್ತಲ್ಲಿ ಎಲ್ಲರೂ ಮಾಡೋ ಹಾಗೆ ಇವರೂ ಗೋಲ್‌ಕೀಪರನ್ನು ಹೊರಗೆ ಕರೆದು, ಗೋಲು ಹೊಡೆಯೋದಕ್ಕೆ ಇನ್ನೊಬ್ಬನನ್ನು ಇಳಿಸಿದರು. ನಮ್ಮ ಗೋಲು ಬಟಾಬಯಲು. ಅಷ್ಟರಲ್ಲಿ ಕ್ರೇನ್ ಲೇಕಿನ ಒಬ್ಬ ಪಕ್ ಕಸಿದುಕೊಂಡು ದೂರದಿಂದಲೇ ನಮ್ಮ ಗೋಲಿನ ಕಡೆ ಹೊಡೆದ. ಅದು ನಮ್ಮ ಬೆಂಚಿನ ಮುಂದೆಯೇ ಜಾರಿಕೊಂಡು ಬಂತು.

ನಮ್ಮ ಹುಡುಗರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಬಿದ್ದದ್ದು ಯಾರು ಅಂತೀರಿ? ನಲವತ್ತೆಂಟು ವರ್ಷದ ಕೋಚು! ಟೈ, ಬೂಟು, ಇಸ್ತ್ರಿ ಪ್ಯಾಂಟು ಸಮೇತ ಬೆಂಚು ಹಾರಿ, ರಿಂಕಿನ ಮೋಟುಗೋಡೆ ಹಾರಿ, ದೊಪ್ಪಂತ ಐಸ್ ಮೇಲೆ. ಪಕ್ ಸೀದಾ ಹೊಟ್ಟೆಗೆ ಬಡಿದು ನಿಂತಿತು.

ರೆಫರಿ ಸೀಟಿ ಊದುವುದನ್ನೂ ಮರೆತು ನಿಂತಿದ್ದ. ಆಮೇಲೆ ನಿಯಮ ಹೇಳಿದ: ಖಾಲಿ ಗೋಲಿನತ್ತ ಹೋಗೋ ಪಕ್ ಅನ್ನು ಬೆಂಚಿನವರು ಬಂದು ತಡೆದರೆ ಗೋಲು ಆದ ಲೆಕ್ಕವೇ. ನಾಲ್ಕು–ಎರಡು. ಸೋತೆವು. ಲಾರ್ನ್ ಅಲ್ಲೇ ಕೈ ಕುಲುಕಿ, "ಇಷ್ಟು ವರ್ಷದ ಸೇವೆಗೆ ಧನ್ಯವಾದ ಓರೆಸ್ಟ್," ಅಂದ. ಕೋಚ್ ಕೆಲಸ ಹೋಯಿತು.

ಒಂದು ಮಾತು ಹೇಳಬೇಕು. ನನ್ನ ಕ್ಯಾಂಟೀನು ನಮ್ಮ ಗೋಲಿನ ಸರೀ ಹಿಂದಿದೆ. ಆ ಪಕ್ ಗೋಲಿಗೆ ಬರುತ್ತಲೇ ಇರಲಿಲ್ಲ. ಎರಡು ಮೊಳ ಆಚೆಗೆ ಹೋಗುತ್ತಿತ್ತು. ನನಗೆ ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತಿತ್ತು.

ಕಾರಿನ ಹತ್ತಿರ ಬಂದಾಗ ಬೈಗುಳವೆಲ್ಲ ನನ್ನ ನಾಲಿಗೆ ತುದಿಯಲ್ಲಿತ್ತು. ಇವರು ಕುಂಟುತ್ತಾ ಬಂದು, ಅಂಗಿ ಎತ್ತಿ, ಹೊಟ್ಟೆಯ ಮೇಲೆ ಬದನೆಕಾಯಿ ಬಣ್ಣಕ್ಕೆ ತಿರುಗುತ್ತಿದ್ದ ದೊಡ್ಡ ಗುಂಡು ಗುರುತು ತೋರಿಸಿದರು. ಮುಖ ನೋಡಿದೆ. ಕೋಚ್ ಆದ ನಾಲ್ಕು ವರ್ಷದಲ್ಲಿ ಈ ಮುಖ ಹೀಗೆ ಅರಳಿದ್ದನ್ನು ಒಂದು ದಿನವೂ ಕಂಡಿರಲಿಲ್ಲ.

"ನೋಡಿದ್ಯೇನೇ? ಒಳಗೆ ಹೋಗ್ಲಿಲ್ಲ ತಾನೇ?" ಅಂದರು.

"ಎಲ್ಲಿ ಹೋಗತ್ತೆ, ನೀವಿರೋವಾಗ?" ಅಂದೆ. "ಹತ್ತಿ ಕಾರು. ಮನೇಲಿ ಐಸ್ ಇಡ್ತೀನಿ."